ಡೋಜೊ ಸೇರೋದಾ, ಡೋಜಾಂಗ್ ಸೇರೋದಾ? ಬೆಲ್ಟ್ ಕಟ್ಟುವ ಮೊದಲು

ಹಾಸನದಲ್ಲಿ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ನಾನು ಆರು ವರ್ಷ ಕರಾಟೆ ಕಲಿತೆ. ಮದುವೆ ಇದ್ದ ದಿನ ಕ್ಲಾಸಿಗೆ ರಜೆ, ಮಾರನೇ ದಿನ ನೆಲದಲ್ಲಿ ಸಾರಿನ ವಾಸನೆ. ಹಾಗೂ ಹೀಗೂ ಕಂದು ಬೆಲ್ಟ್‌ವರೆಗೆ ಬಂದೆ. ಆಮೇಲೆ ಕೆಲಸ ಸಿಕ್ಕಿ ಪುಣೆಗೆ ಹೋದೆ. ಅಲ್ಲಿ ನಾನು ಕಲಿತ ಶೊಟೊಕಾನ್ ಪಂಗಡದ ಕರಾಟೆಯನ್ನೇ ಕಲಿಸುವ ಇನ್ನೊಂದು ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತೋರಿಸಿದೆ. ಮೇಷ್ಟ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನಮ್ಮ ಸಂಸ್ಥೆಯದ್ದಲ್ಲ. ಬಿಳಿ ಬೆಲ್ಟ್ ಕಟ್ಟಿಕೊಂಡು ಕೊನೇ ಸಾಲಿನಲ್ಲಿ ನಿಂತುಕೊಳ್ಳಿ" ಅಂದರು. ನನ್ನ ಒದೆತ, ಗುದ್ದು ಅವರಿಗೆ ಸರಿಯಾಗಿಯೇ ಕಂಡಿತ್ತು. ಸರಿ ಕಾಣದೇ ಇದ್ದದ್ದು ಕೆಳಗಿದ್ದ ಸಹಿ ಮಾತ್ರ.

ಈಗ ನನ್ನ ಮಗಳು ಕೊರಿಯಾದ ಟೇಕ್ವಾಂಡೋಗೆ ಹೋಗುತ್ತಾಳೆ. ಹಾಗಾಗಿ ಗೊತ್ತಿದ್ದವರೆಲ್ಲ ನನ್ನನ್ನೇ ಕೇಳುತ್ತಾರೆ. ಮಕ್ಕಳನ್ನು ಕರಾಟೆಗೆ ಹಾಕೋದಾ, ಟೇಕ್ವಾಂಡೋಗಾ? ನಾವೇ ಸೇರುವುದಾದರೆ ಜೂಡೊ ಒಳ್ಳೆಯದಾ, ಐಕಿಡೊನಾ? ಯಾವುದರಲ್ಲಿ ಕಾಲು ಜಾಸ್ತಿ, ಯಾವುದರಲ್ಲಿ ಕೈ ಜಾಸ್ತಿ ಅನ್ನುವುದು ಐದು ನಿಮಿಷದ ವಿಡಿಯೊ ನೋಡಿದರೆ ತಿಳಿಯುತ್ತದೆ. ತಿಳಿಯದೇ ಇರುವುದು ಬೇರೆ. ನಾಳೆ ನೀವು ಊರು ಬಿಟ್ಟರೆ ನಿಮ್ಮ ಬೆಲ್ಟ್ ಜೊತೆಗೆ ಬರುತ್ತದೆಯೇ? ಹೊಸ ಊರಿನಲ್ಲಿ ನಿಮ್ಮನ್ನು ಯಾರು ತಮ್ಮವರು ಅನ್ನುತ್ತಾರೆ? ಜಪಾನಿನ ಕಲೆಗಳಿಗೂ ಕೊರಿಯಾದ ಕಲೆಗಳಿಗೂ ನಿಜವಾದ ವ್ಯತ್ಯಾಸ ಅಲ್ಲಿದೆ ಅಂತ ನನ್ನ ಲೆಕ್ಕ.

ಅಕ್ಷರ ಒಂದೇ, ಉಚ್ಚಾರ ಎರಡು

ಅಭ್ಯಾಸ ಮಾಡುವ ಜಾಗಕ್ಕೆ ಜಪಾನಿನವರು ಡೋಜೊ ಅನ್ನುತ್ತಾರೆ, ಕೊರಿಯಾದವರು ಡೋಜಾಂಗ್. ಚೀನೀ ಅಕ್ಷರಗಳಲ್ಲಿ ಬರೆದರೆ ಎರಡೂ ಒಂದೇ ಪದ. ಬುದ್ಧನಿಗೆ ಜ್ಞಾನ ಸಿಕ್ಕ ಜಾಗಕ್ಕೆ ಸಂಸ್ಕೃತದಲ್ಲಿ 'ಬೋಧಿಮಂಡ' ಅಂತ ಹೆಸರು. ಅದನ್ನು ಚೀನಿಯರು ತಮ್ಮ ಭಾಷೆಗೆ ತಂದುಕೊಂಡಾಗ ಆದ ಪದ ಇದು. ಅಂದರೆ ಕಲ್ಯಾಣ ಮಂಟಪದ ಊಟದ ಹಾಲಿಗೂ ಗಯೆಗೂ ದೂರದ ನಂಟು ಇತ್ತು ಅನ್ನಿ.

ಹೀಗೆ ಪಟ್ಟಿ ಬೆಳೆಯುತ್ತದೆ. ಜಪಾನಿನ ಸೆನ್‌ಪಾಯ್, ಕೊರಿಯಾದ ಸನ್‌ಬೇ: ಇಬ್ಬರೂ ನಿಮಗಿಂತ ಮೊದಲು ಸೇರಿದವರು. ಕಪ್ಪು ಬೆಲ್ಟಿಗೆ ಮುಂಚಿನ ಮೆಟ್ಟಿಲು ಜಪಾನಿನಲ್ಲಿ ಕ್ಯೂ, ಕೊರಿಯಾದಲ್ಲಿ ಗುಪ್. ಕಪ್ಪು ಬೆಲ್ಟಿನ ಮೆಟ್ಟಿಲು ಎರಡೂ ಕಡೆ ಡಾನ್. (ನಮ್ಮ ಸಿನಿಮಾದ ಡಾನ್ ಬೇರೆ.) ಜಪಾನಿನ ಐಕಿಡೊ ಮತ್ತು ಕೊರಿಯಾದ ಹ್ಯಾಪ್‌ಕಿಡೊ ಹೆಸರು ಬರೆಯುವುದು ಅವೇ ಮೂರು ಅಕ್ಷರಗಳಲ್ಲಿ. ಕೊರಿಯಾದ ಟಾಂಗ್ ಸೂ ಡೋ ಹೆಸರಿನ ಮೊದಲೆರಡು ಅಕ್ಷರಗಳನ್ನು ಜಪಾನಿನವರು ಓದಿದರೆ 'ಕರಾಟೆ' ಆಗುತ್ತದೆ, ಕರಾಟೆಯ ಹಳೆಯ ಬರವಣಿಗೆ ಅದು.

ಕಾರಣ ಚರಿತ್ರೆಯಲ್ಲಿದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಓದಲು ಜಪಾನಿಗೆ ಹೋದ ಕೊರಿಯಾದ ಹುಡುಗರು ಅಲ್ಲಿ ಕರಾಟೆ ಕಲಿತರು. ಲೀ ವೊನ್ ಕುಕ್ ಟೋಕಿಯೊದಲ್ಲಿ ಕರಾಟೆ ಗುರು ಫುನಾಕೊಶಿ ಗಿಚಿನ್ ಬಳಿ ಕಲಿತು, 1944ರಲ್ಲಿ ಕೊರಿಯಾದ ಸೋಲ್ ನಗರದಲ್ಲಿ ಚುಂಗ್ ಡೋ ಕ್ವಾನ್ ಅನ್ನುವ ಶಾಲೆ ಶುರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಇಂಥ ಹಲವು 'ಕ್ವಾನ್'ಗಳು, ಅಂದರೆ ಶಾಲೆಗಳು, ಹುಟ್ಟಿದವು. ಆಳಿದವರ ಕಲೆಯನ್ನು ಆಳಿದವರ ಹೆಸರಿನಲ್ಲೇ ಕಲಿಸುವುದು ಯಾರಿಗೆ ಹಿಡಿಸುತ್ತದೆ? 1955ರ ಏಪ್ರಿಲ್‌ನಲ್ಲಿ ಜನರಲ್ ಚೊಯ್ ಹಾಂಗ್ ಹಿ ಮುಂದಾಗಿ 'ಟೇಕ್ವಾಂಡೋ' ಅನ್ನುವ ಹೆಸರು ತಂದರು. ಬರಬರುತ್ತಾ ಕಾಲಿನ ಕೆಲಸ ಬೆಳೆಯಿತು, ಅದು ಬೇರೆಯೇ ಕಲೆಯಾಯಿತು.

ಜಪಾನಿನ ಕಡೆಯೂ ಇಂಥದೇ ಕಥೆ ಇದೆ. ಕರಾಟೆ ಮೂಲದಲ್ಲಿ ಓಕಿನಾವಾ ದ್ವೀಪದ್ದು. ಹಳೆಯ ಹೆಸರಿನ ಅರ್ಥ 'ಚೀನಾದ ಕೈ'. 1922ರಲ್ಲಿ ಫುನಾಕೊಶಿ ಅದನ್ನು ಟೋಕಿಯೊಗೆ ತಂದರು. ಚೀನಾದ ಹೆಸರು ಆಗಿನ ಜಪಾನಿನಲ್ಲಿ ನಡೆಯುವ ಹಾಗಿರಲಿಲ್ಲ. ಉಚ್ಚಾರ ಹಾಗೇ ಉಳಿಸಿಕೊಂಡು ಅಕ್ಷರ ಬದಲಾಯಿಸಿದರು, 'ಬರಿಗೈ' ಆಯಿತು.

ಆದ್ದರಿಂದ ಕ್ಲಾಸಿನ ಬೋರ್ಡಿನಲ್ಲಿ '2000 ವರ್ಷಗಳ ಪುರಾತನ ಕಲೆ' ಅಂತ ಕಂಡರೆ ಸುಮ್ನೆ ನಕ್ಕು ಮುಂದೆ ಹೋಗಿ. ಜಪಾನಿನ ಅತಿ ಗಟ್ಟಿ ಕರಾಟೆ ಅನ್ನಿಸಿಕೊಂಡ ಕ್ಯೊಕುಶಿನ್ ಕಟ್ಟಿದ ಒಯಾಮಾ ಮಸುತಾತ್ಸು ಹುಟ್ಟಿನಿಂದ ಕೊರಿಯಾದವರು. ಹ್ಯಾಪ್‌ಕಿಡೊ ಶುರು ಮಾಡಿದ ಚೊಯ್ ಯೊಂಗ್ ಸೂಲ್ ತಾವು ಜಪಾನಿನಲ್ಲಿ ಕಲಿತದ್ದು ಅಂತ ಹೇಳಿಕೊಂಡಿದ್ದರು. ಶುದ್ಧ ಬೇರು ಹುಡುಕಿಕೊಂಡು ಹೋದರೆ ಕೈಗೆ ಸಿಗುವುದು ಬರೀ ಕವಲು. ಕೊರಿಯಾದ್ದೇ ಹಳೆಯದು ಬೇಕು ಅಂದರೆ ಟೆಕ್ಯೊನ್ ಇದೆ. 2011ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕುಣಿತದಂಥ ಹೆಜ್ಜೆ, ನೋಡಲು ಬಹಳ ಚೆಂದ. ನಮ್ಮ ಕಡೆ ಕಲಿಸುವವರನ್ನು ನಾನಂತೂ ಕಂಡಿಲ್ಲ.

ಬಣ್ಣದ ಲೆಕ್ಕ

ಗರಡಿ ಮನೆಯಲ್ಲಿ ಬೆಲ್ಟ್ ಇಲ್ಲ. ಯಾರು ಯಾರನ್ನು ಎಷ್ಟು ಸಲ ಚಿತ್ ಮಾಡಿದರು ಅನ್ನುವುದು ಊರಿಗೆ ಗೊತ್ತಿರುತ್ತದೆ, ಅಷ್ಟೇ ಸಾಕು. ಜಪಾನಿನ ಹಳೆಯ ಕತ್ತಿ ಶಾಲೆಗಳಲ್ಲೂ ಬೆಲ್ಟ್ ಇರಲಿಲ್ಲ. ಗುರು ಒಂದು ಸುರುಳಿ ಬರೆದು ಕೊಡುತ್ತಿದ್ದರು, ಅದೇ ಪರವಾನಗಿ. ಇವತ್ತಿಗೂ ಅಂಥ ಶಾಲೆಗಳು ಆ ಪದ್ಧತಿ ಇಟ್ಟುಕೊಂಡಿವೆ.

ಡಾನ್ ತಂದವರು ಜೂಡೊ ಕಟ್ಟಿದ ಕಾನೊ ಜಿಗೊರೊ. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಕೊಡೊಕಾನ್ ಅನ್ನುವ ಜೂಡೊ ಶಾಲೆ ಶುರು ಮಾಡಿದರು. ಅವರು ಮೇಷ್ಟ್ರು, ಮಕ್ಕಳಿಗೆ ಮೆಟ್ಟಿಲು ಕಾಣಬೇಕು ಅಂತ ಗೊತ್ತಿತ್ತು. 'ಗೊ' ಅನ್ನುವ ಮಣೆಯಾಟದಲ್ಲಿ ಮೊದಲೇ ಇದ್ದ ಡಾನ್ ಪದ್ಧತಿಯನ್ನು ಎತ್ತಿಕೊಂಡು 1883ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ಡಾನ್ ಕೊಟ್ಟರು. ಕೆಲವು ವರ್ಷ ಬಿಟ್ಟು ಅದಕ್ಕೆ ಗುರುತಾಗಿ ಕಪ್ಪು ಪಟ್ಟಿ ಬಂತು. ಫುನಾಕೊಶಿ 1924ರಲ್ಲಿ ಅದನ್ನು ಕರಾಟೆಗೆ ತಂದರು. ಅಲ್ಲಿಂದ ಅದು ಕೊರಿಯಾಕ್ಕೆ ಹೋಯಿತು. ಬಣ್ಣಬಣ್ಣದ ಬೆಲ್ಟುಗಳ ಮೆಟ್ಟಿಲು ಜನಪ್ರಿಯವಾಗಿದ್ದು 1930ರ ದಶಕದಲ್ಲಿ, ಅದೂ ಪ್ಯಾರಿಸ್‌ನಲ್ಲಿ. ಅಲ್ಲಿ ಜೂಡೊ ಕಲಿಸುತ್ತಿದ್ದ ಕವಾಇಶಿ ಮಿಕಿನೊಸುಕೆ, ಯುರೋಪಿನ ವಿದ್ಯಾರ್ಥಿಗಳಿಗೆ ಆಗಾಗ ಏನಾದರೂ ಕೈಗೆ ಸಿಗದಿದ್ದರೆ ತಾಳ್ಮೆ ಇರುವುದಿಲ್ಲ ಅಂತ ಕಂಡುಕೊಂಡರು. ಬಿಳಿ ಬೆಲ್ಟ್ ವರ್ಷಾನುಗಟ್ಟಲೆ ಒಗೆಯದೆ ಕೊಳೆಯಾಗಿ ಕಪ್ಪಾಯಿತು ಅನ್ನುವ ಕಥೆ ನಿಮ್ಮ ಮೇಷ್ಟ್ರೂ ಹೇಳಬಹುದು. ನಿಜವಲ್ಲ. ದಯವಿಟ್ಟು ಬೆಲ್ಟ್ ಒಗೆಯಿರಿ.

ಕೊರಿಯಾದವರು ಈ ಬಣ್ಣಗಳಿಗೆ ಕಥೆ ಕಟ್ಟಿದರು, ನನಗೆ ಅದು ಇಷ್ಟ. ಬಿಳಿ ಏನೂ ಅರಿಯದ ಸ್ಥಿತಿ, ಹಳದಿ ಬೇರಿಳಿಸುವ ನೆಲ, ಹಸಿರು ಮೊಳಕೆ, ನೀಲಿ ಗಿಡ ಕೈಚಾಚುವ ಆಕಾಶ, ಕೆಂಪು ಅಪಾಯ. ಕೆಂಪು ಯಾಕೆ ಅಪಾಯ ಅಂದರೆ ಆ ಹಂತದವರಿಗೆ ಬಲ ಬಂದಿರುತ್ತದೆ, ಹತೋಟಿ ಬಂದಿರುವುದಿಲ್ಲ. ನನ್ನ ಮಗಳ ಕ್ಲಾಸಿನ ಕೆಂಪು ಬೆಲ್ಟಿನ ಹುಡುಗರನ್ನು ನೋಡಿದರೆ ಇದನ್ನು ಬರೆದವರಿಗೆ ಅನುಭವ ಇತ್ತು ಅನ್ನಿಸುತ್ತದೆ.

ಟೇಕ್ವಾಂಡೋದಲ್ಲಿ ಇನ್ನೊಂದು ಜಾಣತನ ಇದೆ. 15 ವರ್ಷ ತುಂಬದ ಮಕ್ಕಳಿಗೆ ಡಾನ್ ಕೊಡುವುದಿಲ್ಲ, 'ಪೂಮ್' ಕೊಡುತ್ತಾರೆ. ಆ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ಎಂಟು ವರ್ಷದ ಮಗುವಿಗೆ ಪೂರ್ತಿ ಕಪ್ಪು ಬೆಲ್ಟ್ ಕಟ್ಟುವ ಮುಜುಗರ ಇದರಿಂದ ತಪ್ಪುತ್ತದೆ. ಮೂ ಡುಕ್ ಕ್ವಾನ್ ಎಂಬ ಪಂಗಡದವರು ಕಪ್ಪು ಬೆಲ್ಟನ್ನೇ ಬಿಟ್ಟು ಕಡುನೀಲಿ ಕಟ್ಟುತ್ತಾರೆ. ಕಪ್ಪಿನ ಮೇಲೆ ಇನ್ನೇನೂ ಬರೆಯಲಾಗದು, ಅದು ಮುಗಿದುಹೋದ ಬಣ್ಣ ಅನ್ನುವುದು ಅವರ ವಾದ. ಡಾನ್ ಪಡೆದ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಕ್ರಮಸಂಖ್ಯೆ ಸಿಗುತ್ತದೆ, ಸಾಯುವವರೆಗೂ ಅದೇ.

ಜಪಾನಿನ ಕಡೆ ಎರಡು ತುದಿ ನೋಡಿ. ಜೂಡೊದಲ್ಲಿ ಆರರಿಂದ ಎಂಟನೇ ಡಾನ್‌ವರೆಗೆ ಕೆಂಪು-ಬಿಳಿ ಪಟ್ಟಿ, ಒಂಬತ್ತು ಮತ್ತು ಹತ್ತಕ್ಕೆ ಪೂರ್ತಿ ಕೆಂಪು. ಅಂದರೆ ಕಪ್ಪಿನ ಆಚೆಗೂ ಬಣ್ಣ ಇದೆ. ಬಿದಿರಿನ ಕತ್ತಿ ಹಿಡಿದು ಆಡುವ ಕೆಂಡೊದಲ್ಲಿ ಬೆಲ್ಟೇ ಇಲ್ಲ. ಮೊನ್ನೆ ಸೇರಿದವರೂ ನಲವತ್ತು ವರ್ಷ ಕತ್ತಿ ಹಿಡಿದವರೂ ಒಂದೇ ನೀಲಿ ಬಟ್ಟೆ. ಆದರೆ ಸಾಲಾಗಿ ಕೂರುವಾಗ ಯಾರು ಎಲ್ಲಿ ಅನ್ನುವುದು ಪಕ್ಕಾ.

ಡಾನ್‌ನಿಂದ ಡಾನ್‌ಗೆ ಕಾಯುವ ಕಾಲ ಎರಡು ದೇಶದಲ್ಲೂ ಹತ್ತಿರಹತ್ತಿರ ಒಂದೇ. ಟೇಕ್ವಾಂಡೋದಲ್ಲೂ ಕೆಂಡೊದಲ್ಲೂ ಒಂದರಿಂದ ಎರಡಕ್ಕೆ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು, ಹೀಗೆ ಏರುತ್ತಾ ಹೋಗುತ್ತದೆ. ವ್ಯತ್ಯಾಸ ಕಾಣುವುದು ತುದಿಯಲ್ಲಿ. ಕೆಂಡೊದ ಎಂಟನೇ ಡಾನ್ ಪರೀಕ್ಷೆಗೆ ಕೂರಲು ಏಳನೆಯದು ಸಿಕ್ಕಿ ಹತ್ತು ವರ್ಷ ಆಗಿರಬೇಕು, ವಯಸ್ಸು 46 ತುಂಬಿರಬೇಕು. ಕೂತವರಲ್ಲಿ ನೂರಕ್ಕೆ ಒಬ್ಬರು ಪಾಸಾದರೆ ಹೆಚ್ಚು. ಮತ್ತೆ ಮತ್ತೆ ಬರೆಯುತ್ತಾ ಎಪ್ಪತ್ತು ದಾಟಿದವರಿದ್ದಾರೆ.

ಈ ಮೆಟ್ಟಿಲುಗಳು ಎಲ್ಲರಿಗೂ ಒಂದೇ ಸಮ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾನೊ ಅವರ ಶಿಷ್ಯೆ ಫುಕುದಾ ಕೇಕೊ ಐದನೇ ಡಾನ್‌ನಲ್ಲೇ ವರ್ಷಾನುಗಟ್ಟಲೆ ನಿಂತರು. ಕಾರಣ, ಹೆಂಗಸರಿಗೆ ಅದಕ್ಕಿಂತ ಮೇಲೆ ದಾರಿ ಇರಲಿಲ್ಲ. 1972ರಲ್ಲಿ ಬಾಗಿಲು ತೆರೆಯಿತು. 2006ರಲ್ಲಿ ಕೊಡೊಕಾನ್ ಒಂಬತ್ತನೇ ಡಾನ್ ಕೊಟ್ಟಿತು, ಆಗ ಅವರಿಗೆ ತೊಂಬತ್ತು ದಾಟಿತ್ತು. ಮಗಳನ್ನು ಸೇರಿಸುವವರು ಕ್ಲಾಸಿನಲ್ಲಿ ಹಿರಿಯ ಬೆಲ್ಟಿನ ಹೆಂಗಸರು ಎಷ್ಟಿದ್ದಾರೆ ಅಂತ ಎಣಿಸಿ ನೋಡಿ. ನಾನು ಎಣಿಸಿಯೇ ಸೇರಿಸಿದ್ದು.

'ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್' ಅನ್ನುವ ಜಾಹೀರಾತು ಮೋಸವೇ? ಹಾಗೆ ಒಂದೇ ಏಟಿಗೆ ಹೇಳಲಾಗದು. ಕೊರಿಯಾದಲ್ಲಿ ದಿನಾ ಹೋಗುವ ಮಕ್ಕಳು ಒಂದು, ಒಂದೂವರೆ ವರ್ಷದಲ್ಲಿ ಪೂಮ್ ಪಡೆಯುವುದು ಮಾಮೂಲಿ. ಜಪಾನಿನ ಶಾಲೆಗಳಲ್ಲಿ ಜೂಡೊ ಆಡುವ ಮಕ್ಕಳದ್ದೂ ಬಹಳ ದೂರದ ಲೆಕ್ಕವಲ್ಲ. ಜಪಾನಿ ಭಾಷೆಯಲ್ಲಿ ಮೊದಲ ಡಾನ್‌ಗೆ 'ಶೊದಾನ್' ಅನ್ನುತ್ತಾರೆ, ಶುರುವಿನ ಮೆಟ್ಟಿಲು ಅಂತಲೇ ಅರ್ಥ. ಕಪ್ಪು ಬೆಲ್ಟ್ ಅಂದರೆ ಗುರು ಅಂತ ಅಂದುಕೊಂಡವರು ನಾವು, ಅವರಲ್ಲ. ಆದರೆ ವಾರಕ್ಕೆ ಎರಡೇ ದಿನ ಕ್ಲಾಸ್ ಇಟ್ಟು ಒಂದು ವರ್ಷದಲ್ಲಿ ಕಪ್ಪು ಕೊಡುತ್ತೇವೆ ಅಂದರೆ ಅದು ವ್ಯಾಪಾರವೇ. ನಮ್ಮಮ್ಮ ಆಗಲೇ ಹೇಳಿದ್ದರು: "ಬೆಲ್ಟ್ ಬಣ್ಣ ಬದಲಾಯ್ತು ಅಂದ್ರೆ ಮತ್ತೆ ದುಡ್ಡು ಕೇಳ್ತಾರೆ ಅಂತ."

ಸಹಿ ಯಾರದು?

ಈಗ ಮುಖ್ಯ ಮಾತಿಗೆ ಬರೋಣ.

ಟೇಕ್ವಾಂಡೋದಲ್ಲಿ ಎರಡು ದೊಡ್ಡ ಮನೆಗಳಿವೆ. ಒಲಿಂಪಿಕ್ಸ್‌ನಲ್ಲಿ ನೋಡುವುದು ಒಂದು. ಅದರ ಡಾನ್ ಕೊಡುವುದು ಸೋಲ್‌ನ ಕುಕ್ಕಿವೊನ್, 1972ರಲ್ಲಿ ಶುರುವಾದದ್ದು. ಆಟದ ನಿಯಮ, ಪಂದ್ಯ ನೋಡಿಕೊಳ್ಳುವುದು ಬೇರೆ ಸಂಸ್ಥೆ, ಈಗ ಅದಕ್ಕೆ ವರ್ಲ್ಡ್ ಟೇಕ್ವಾಂಡೋ ಅಂತ ಹೆಸರು. ನಿಮ್ಮ ಮೇಷ್ಟ್ರು ಶಿಫಾರಸು ಮಾಡಿದರೆ ಸೋಲ್‌ನಿಂದ ನಂಬರ್ ಇರುವ ಸರ್ಟಿಫಿಕೇಟ್ ಬರುತ್ತದೆ. ಬೆಳಗಾವಿಯಲ್ಲಿ ಪಡೆದದ್ದನ್ನು ಬರ್ಲಿನ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ನಮ್ಮ ಪಾನ್ ಕಾರ್ಡ್ ಇದ್ದ ಹಾಗೆ, ಊರು ಬದಲಾದರೂ ನಂಬರ್ ಬದಲಾಗುವುದಿಲ್ಲ.

ಇನ್ನೊಂದು ಮನೆ ಐಟಿಎಫ್, ಅಂದರೆ ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಶನ್. 1966ರಲ್ಲಿ ಜನರಲ್ ಚೊಯ್ ಕಟ್ಟಿದ್ದು. ಅವರಿಗೂ ದಕ್ಷಿಣ ಕೊರಿಯಾದ ಸರ್ಕಾರಕ್ಕೂ ಆಗಿಬರಲಿಲ್ಲ, 1972ರಲ್ಲಿ ಕೆನಡಾಕ್ಕೆ ಹೋದರು. ಆಮೇಲೆ ಉತ್ತರ ಕೊರಿಯಾಕ್ಕೂ ಕಲೆ ಕೊಂಡೊಯ್ದರು. 2002ರಲ್ಲಿ ತೀರಿಕೊಂಡರು. ಈಗ ಐಟಿಎಫ್ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿವೆ. ಅಲ್ಲಿನ 24 ವರಸೆಗಳು ದಿನದ 24 ಗಂಟೆಗೆ ಲೆಕ್ಕ, ಕೈಯ ಬಳಕೆ ಜಾಸ್ತಿ, ಮುಖಕ್ಕೂ ಗುದ್ದಬಹುದು. ಕಲೆಯಾಗಿ ನೋಡಿದರೆ ಒಳ್ಳೆಯದೇ. ಆದರೆ ಮಗುವಿಗೆ ಒಲಿಂಪಿಕ್ಸ್ ಕನಸಿದ್ದರೆ ಈ ದಾರಿ ಅಲ್ಲಿಗೆ ಹೋಗುವುದಿಲ್ಲ.

ಜಪಾನಿನಲ್ಲಿ ಜೂಡೊಗೆ ಒಂದು, ಕೆಂಡೊಗೆ ಒಂದು ಅಂತ ಗಟ್ಟಿಯಾದ ಒಂದೊಂದೇ ಸೂರಿದೆ. ಕರಾಟೆ ಹಾಗಲ್ಲ. ಅದು ಕೂಡುಕುಟುಂಬ ಒಡೆದ ಮನೆ. ಶೊಟೊಕಾನ್, ಗೊಜು, ಶಿತೊ, ವಾಡೊ ಅಂತ ನಾಲ್ಕು ದೊಡ್ಡ ಪಂಗಡ. ಪ್ರತಿಯೊಂದರಲ್ಲೂ ಗುರು ತೀರಿಕೊಂಡಾಗ ಶಿಷ್ಯರು ಬೇರೆಯಾಗುತ್ತಾ ಬಂದಿದ್ದಾರೆ. ಒಯಾಮಾ 1994ರಲ್ಲಿ ತೀರಿಕೊಂಡ ಮೇಲೆ ಕ್ಯೊಕುಶಿನ್ ಹೋಳುಹೋಳಾಯಿತು. ನನ್ನ ಕಂದು ಬೆಲ್ಟ್ ಪುಣೆಯಲ್ಲಿ ನಡೆಯದೇ ಹೋದದ್ದು ಇದೇ ಕಾರಣಕ್ಕೆ. ಐಕಿಡೊ ನಡುವಿನದು. ಟೋಕಿಯೊದ ಐಕಿಕಾಯ್ ಸಂಸ್ಥೆ ದೊಡ್ಡಣ್ಣ, ಬೇರೆ ಮನೆ ಮಾಡಿದ ತಮ್ಮಂದಿರೂ ಇದ್ದಾರೆ.

ಹಾಗಾದರೆ ಕರಾಟೆಯ ಸಹಿಗೆ ಬೆಲೆ ಇಲ್ಲವೇ? ಇದೆ, ಬೇರೆ ಥರ. ಅಲ್ಲಿ ಬೆಲೆ ಗುರುಪರಂಪರೆಗೆ. 'ಇಂಥವರ ಶಿಷ್ಯ' ಅಂದರೆ ಆ ಬಳಗದವರು ಮನೆಗೆ ಕರೆದು ಊಟ ಹಾಕುತ್ತಾರೆ, ಆ ಬಳಗದ ಹೊರಗೆ ಕೇಳುವವರಿಲ್ಲ. ಟೇಕ್ವಾಂಡೋದ ಸಹಿ ಎಲ್ಲೆಡೆ ನಡೆಯುತ್ತದೆ, ಆದರೆ ನಿಮ್ಮ ಮೇಷ್ಟ್ರು ಯಾರು ಅಂತ ಅಷ್ಟಾಗಿ ಯಾರೂ ಕೇಳುವುದಿಲ್ಲ. ವರ್ಗಾವಣೆ ಕೆಲಸದವರಿಗೆ ನಾನು ಕುಕ್ಕಿವೊನ್ ಅಥವಾ ಜೂಡೊ ಅನ್ನುತ್ತೇನೆ. ಒಂದೇ ಊರಿನಲ್ಲಿ ಬೇರು ಬಿಟ್ಟವರು ಮೇಷ್ಟ್ರನ್ನು ನೋಡಿ ಸೇರಲಿ, ಸಂಸ್ಥೆ ಯಾವುದಾದರೂ ಇರಲಿ.

ಭಾರತದ ಒಕ್ಕೂಟಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟೇಕ್ವಾಂಡೋ, ಕರಾಟೆ ಎರಡರಲ್ಲೂ ಜಗಳ ಆಗಿದೆ, ಮಾನ್ಯತೆ ಬಂದಿದೆ, ಹೋಗಿದೆ. ಕ್ರೀಡಾ ಕೋಟಾದ ಆಸೆ ಇದ್ದರೆ ಆ ವರ್ಷದ ಸರ್ಕಾರಿ ಪಟ್ಟಿ ನೀವೇ ನೋಡಿ. ಕ್ಲಾಸಿನವರ ಬಾಯಿಮಾತು ನಂಬಬೇಡಿ.

ಮೇಷ್ಟ್ರು, ಅಣ್ಣಂದಿರು, ಆಮೇಲಿನ ಊಟ

ಕೊರಿಯಾದ ಡೋಜಾಂಗ್‌ನಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕರೆಯುವ ಮಾತೇ ಇಲ್ಲ. ಕಲಿಸುವವರು 'ಸಬೊಮ್‌ನಿಮ್', ಡೋಜಾಂಗ್‌ನ ಯಜಮಾನರು 'ಕ್ವಾನ್‌ಜಾಂಗ್‌ನಿಮ್'. ಕೊನೆಯ 'ನಿಮ್' ನಮ್ಮ 'ಅವರೇ' ಇದ್ದ ಹಾಗೆ. ತಮಾಷೆ ಅಂದರೆ, ಈ ಸಬೊಮ್ ಅನ್ನುವ ಪದವನ್ನೇ ಜಪಾನಿನವರು 'ಶಿಹಾನ್' ಅಂತ ಓದಿ ಬಹಳ ಹಿರಿಯರಿಗೆ ಮಾತ್ರ ಇಟ್ಟುಕೊಂಡಿದ್ದಾರೆ. ಅಲ್ಲಿ ದಿನಬಳಕೆಗೆ 'ಸೆನ್ಸೇ' ಸಾಕು, ಮೊದಲು ಹುಟ್ಟಿದವರು ಅಂತ ಪದದ ಅರ್ಥ.

ಡೋಜಾಂಗ್‌ನಲ್ಲಿ ಎದುರಿಗೆ ಬಾವುಟ ಇರುತ್ತದೆ. ಅದಕ್ಕೆ ವಂದಿಸಿ ಶುರು. ಕಲೆಯೇ ದೇಶದ ಗುರುತಾಗಿ ಬೆಳೆದದ್ದು, ಸೈನ್ಯದಲ್ಲೂ ಕಲಿಸಿದ್ದು, ಹಾಗಾಗಿ ಸ್ವಲ್ಪ ಕವಾಯತಿನ ಹದ ಇದೆ. ಗದ್ದಲವೂ ಇದೆ. ಕೊರಿಯಾದ ಊರುಗಳಲ್ಲಿ ಡೋಜಾಂಗ್‌ನ ವ್ಯಾನ್ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ತುಂಬಿಕೊಂಡು ಬರುತ್ತದೆ. ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಮಕ್ಕಳು ಅಲ್ಲೇ. ಆಟ, ಕುಣಿತ, ಒದೆತ ಎಲ್ಲ ಸೇರಿರುತ್ತದೆ. ಆ ಗುಣ ಇಲ್ಲಿಗೂ ಬಂದಿದೆ. ನನ್ನ ಮಗಳ ಕ್ಲಾಸಿನಲ್ಲಿ ಕೊನೆಯ ಹತ್ತು ನಿಮಿಷ ಬರೀ ಓಟದಾಟ.

ಡೋಜೊದಲ್ಲಿ ಎದುರಿಗೆ ಇರುವುದು ಕಲೆ ಕಟ್ಟಿದವರ ಫೋಟೊ. ಮಂಡಿಯೂರಿ ಕೂತು, ಕಣ್ಣು ಮುಚ್ಚಿ, ಆಮೇಲೆ ಬಗ್ಗುತ್ತಾರೆ. ನೆಲ ಒರೆಸುವುದು ಶಿಷ್ಯರ ಕೆಲಸ, ಬಟ್ಟೆ ಒತ್ತಿ ಹಿಡಿದು ಓಡುತ್ತಾ ಒರೆಸುತ್ತಾರೆ. ಶೊಟೊಕಾನ್‌ನಲ್ಲಿ ಐದು ಸಾಲಿನ ಪ್ರತಿಜ್ಞೆ ಹೇಳಿಸುತ್ತಾರೆ. ಪ್ರತಿ ಸಾಲೂ 'ಒಂದು' ಅಂತಲೇ ಶುರುವಾಗುತ್ತದೆ, ಎರಡು ಮೂರು ಇಲ್ಲ. ಯಾವುದೂ ಯಾವುದಕ್ಕಿಂತ ಕಡಿಮೆಯಲ್ಲ ಅಂತ. ಕೆಂಡೊದಲ್ಲಿ ಪಾಯಿಂಟ್ ಗೆದ್ದು ಕೈಯೆತ್ತಿ ಕುಣಿದರೆ ಆ ಪಾಯಿಂಟೇ ಹೋಗಬಹುದು. ಟೇಕ್ವಾಂಡೋ ಪಂದ್ಯದಲ್ಲಿ ತಲೆಗೆ ಒದ್ದು ಮೂರು ಪಾಯಿಂಟ್ ಬಂದಾಗ ಇಡೀ ಹಾಲ್ ಕಿರುಚುತ್ತದೆ. ನಿಮ್ಮ ಸ್ವಭಾವ ಯಾವುದು ಅಂತ ಇಷ್ಟರಲ್ಲೇ ನಿಮಗೆ ಗೊತ್ತಾಗಿರಬೇಕು.

ಹಿರಿಯ-ಕಿರಿಯ ಲೆಕ್ಕ ಎರಡೂ ಕಡೆ ಗಟ್ಟಿ. ಕೊರಿಯಾದಲ್ಲಿ ಬೆಲ್ಟಿನ ಜೊತೆ ವಯಸ್ಸೂ ತೂಗುತ್ತದೆ, ದೊಡ್ಡವರಿಗೆ ಏನು ಕೊಟ್ಟರೂ ಎರಡೂ ಕೈಯಲ್ಲಿ ಕೊಡಬೇಕು. ನಮಗೆ ಇದು ಹೊಸದಲ್ಲ ಬಿಡಿ. ಜಪಾನಿನಲ್ಲಿ ಯಾರು ಮೊದಲು ಸೇರಿದರು ಅನ್ನುವುದು ಮುಖ್ಯ. ಇಪ್ಪತ್ತರ ಹುಡುಗಿ ಸೆನ್‌ಪಾಯ್ ಆಗಿ ನಲವತ್ತರ ನನಗೆ ಬಾಗುವುದು ತಿದ್ದಿದಾಗ ಮೊದಲ ವಾರ ಕಸಿವಿಸಿ ಆಗಿತ್ತು. ಆಮೇಲೆ ಅದೇ ಹಿತವಾಯಿತು. ಜಪಾನಿನ ಕ್ಲಬ್ಬುಗಳಲ್ಲಿ ಅಭ್ಯಾಸ ಮುಗಿಸಿ ಒಟ್ಟಿಗೆ ಊಟಕ್ಕೆ ಹೋಗುವುದಕ್ಕೆ 'ಎರಡನೇ ಡೋಜೊ' ಅನ್ನುತ್ತಾರೆ. ಪುಣೆಯಲ್ಲಿ ನಮ್ಮ ಎರಡನೇ ಡೋಜೊ ಒಂದು ಮಿಸಳ್ ಅಂಗಡಿ. ಬಿಳಿ ಬೆಲ್ಟಿನ ಬೇಜಾರು ಹೋದದ್ದು ಅಲ್ಲೇ.

ಯಾರಿಗೆ ಯಾವುದು

ಐದರಿಂದ ಹತ್ತು ವರ್ಷದ ಚೂಟಿ ಮಕ್ಕಳಿಗೆ ಟೇಕ್ವಾಂಡೋ. ಮೆಟ್ಟಿಲು ಹತ್ತಿರ ಹತ್ತಿರ, ಬೇಸರ ಆಗುವುದಿಲ್ಲ. ಸರಿಯಾದ ಮ್ಯಾಟ್ ಇದ್ದರೆ ಜೂಡೊ ಇನ್ನೂ ಒಳ್ಳೆಯದು. ಮೊದಲು ಬೀಳುವುದನ್ನು ಕಲಿಸುತ್ತಾರೆ, ಸ್ಕೂಟರಿನಿಂದ ಬಿದ್ದಾಗಲೂ ಅದು ಕೈಹಿಡಿಯುತ್ತದೆ. ಮ್ಯಾಟ್ ತೆಳ್ಳಗಿದ್ದರೆ ಮಾತ್ರ ಬೇಡವೇ ಬೇಡ.

ಮೂವತ್ತೈದು ದಾಟಿ ಮೊದಲ ಸಲ ಸೇರುವವರು ತಲೆಯೆತ್ತರದ ಒದೆತದ ಕನಸು ಬಿಡಿ. ತೊಡೆ ಹಿಂದಿನ ನರ ಹಿಡಿದರೆ ಮೂರು ತಿಂಗಳು ಮೆಟ್ಟಿಲು ಹತ್ತಲಾಗದು, ಅನುಭವದ ಮಾತು. ಸಾಂಪ್ರದಾಯಿಕ ಕರಾಟೆ, ಐಕಿಡೊ ನೋಡಿ. ಐಕಿಡೊದಲ್ಲಿ ಸಾಮಾನ್ಯವಾಗಿ ಪಂದ್ಯ ಇಲ್ಲ, ಸೋಲು ಗೆಲುವು ಇಲ್ಲ. ಕೆಲವರಿಗೆ ಅದೇ ನೆಮ್ಮದಿ, ನನಗೆ ಅದೇ ಸಪ್ಪೆ. ಕೆಂಡೊ ಎಪ್ಪತ್ತರಲ್ಲೂ ಆಡಬಹುದು, ಆದರೆ ರಕ್ಷಾಕವಚ ದುಬಾರಿ, ನಮ್ಮ ಕಡೆ ಕ್ಲಬ್ ಬೆರಳೆಣಿಕೆ. ಗಟ್ಟಿ ಹೊಡೆತ ಬೇಕು ಅನ್ನುವವರಿಗೆ ಕ್ಯೊಕುಶಿನ್. ಮುಖಕ್ಕೆ ಗುದ್ದುವ ಹಾಗಿಲ್ಲ, ಉಳಿದಂತೆ ಕರುಣೆ ಇಲ್ಲ.

ಒಂದು ದಿನ ಸುಮ್ನೆ ಹೋಗಿ ಗೋಡೆ ಬದಿ ಕೂತು ಪೂರ್ತಿ ಕ್ಲಾಸ್ ನೋಡಿ. ನೋಡಲು ಬಿಡದಿದ್ದರೆ ಎದ್ದು ಬನ್ನಿ. ಹಿರಿಯ ಬೆಲ್ಟಿನವರು ಹೊಸಬರ ಜೊತೆ ಜೋಡಿಯಾದಾಗ ಕೈ ಹಗುರ ಮಾಡುತ್ತಾರಾ, ಇಲ್ಲಾ ಬಲ ತೋರಿಸುತ್ತಾರಾ ಅಂತ ಗಮನಿಸಿ. ಕ್ಲಾಸ್ ಮುಗಿದ ಮೇಲೆ ಇನ್ನೊಂದು ಹತ್ತು ನಿಮಿಷ ಅಲ್ಲೇ ಇರಿ. ಯಾರಾದರೂ ಉಳಿದು ಮಾತಾಡುತ್ತಾರಾ, ಎಲ್ಲರೂ ಬೈಕ್ ಹತ್ತಿ ಮಾಯವಾಗುತ್ತಾರಾ? ಮೇಷ್ಟ್ರ ಹತ್ತಿರ ಎರಡೇ ಪ್ರಶ್ನೆ ಕೇಳಿ: ಡಾನ್ ಸರ್ಟಿಫಿಕೇಟ್ ಎಲ್ಲಿಂದ ಬರುತ್ತದೆ, ಇಲ್ಲಿಂದ ಕಪ್ಪು ಬೆಲ್ಟ್‌ವರೆಗೆ ಒಟ್ಟು ಪರೀಕ್ಷಾ ಫೀಸ್ ಎಷ್ಟು. ಎರಡಕ್ಕೂ ತಡವರಿಸದೆ ಉತ್ತರ ಕೊಟ್ಟರೆ ಒಂದು ತಿಂಗಳು ಹೋಗಿ ನೋಡಿ. ಬಟ್ಟೆ, ಬ್ಯಾಗು ಆಮೇಲೆ ತಗೊಳ್ಳಿ. ಅಲ್ಲಿಯವರೆಗೆ ಟ್ರ್ಯಾಕ್ ಪ್ಯಾಂಟ್ ಸಾಕು.